ನಾಲ್ಕು ಆಳಿನ ಹಡಗು

(ಬೈಕುಲ್ಲಾದ ನಮ್ಮ ಉಚಿತ ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಕಾರ್ಯದರ್ಶಿಗಳು ಹೊರಗಿನ ಹಲಗೆಯ ಮೇಲೆ "ಕಡಲುಗಳ್ಳರ ಆಟ" ಎಂದು ಬರೆದಿದ್ದಾರೆ. ಅದನ್ನು ಓದಿ ಹಿರಿಯರಿಬ್ಬರು, ಇದು ಮಕ್ಕಳ ಸಭೆಯೋ ದೊಡ್ಡವರ ಸಭೆಯೋ ಎಂದು ಬಾಗಿಲಲ್ಲೇ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೋದ ತಿಂಗಳು ನಮ್ಮ ಸಮಿತಿಯ ಮುಂದೆ ಒಂದು ಸೂಚನೆ ಬಂದದ್ದು ನಿಮಗೆ ನೆನಪಿರಬಹುದು. ರಾತ್ರಿ ಎಂಟು ಗಂಟೆಯಾದ ಮೇಲೆ ವಾಚನಾಲಯದ ವೈಫೈ ನಿಲ್ಲಿಸಬೇಕು, ಇಲ್ಲಿಯ ಕಂಪ್ಯೂಟರಿನಲ್ಲಿ ಯಾರೂ ಆಟ ಆಡಕೂಡದು, ಎಂದು. ಅದನ್ನು ಬರೆದು ಕೊಟ್ಟವನು ನಾನೇ. ಇಂದು ಅದರಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನಿಮ್ಮ ಮುಂದೆ ನಿಂತಿದ್ದೇನೆ.

ನಾನು ಬಂದರಿನ ಒಂದು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದವನು. ಹಡಗೆಂದರೆ ನನಗೆ ಕಾಗದ. ಯಾವ ಹಡಗಿನಲ್ಲಿ ಎಷ್ಟು ಮೂಟೆ, ಯಾರ ಹೆಸರಿಗೆ, ಎಷ್ಟು ಬಾಡಿಗೆ, ಇಷ್ಟೇ. ಹೊನ್ನಾವರದ ಕಡೆಯವನಾದರೂ ಕಡಲ ಮೇಲೆ ಹೋದದ್ದು ಎಣಿಸಿ ಮೂರು ಸಲ. ಮೂರು ಸಲವೂ ವಾಂತಿಯೇ. ನನ್ನ ಸೋದರಳಿಯ ನನ್ನ ಖೋಲಿಯಲ್ಲೇ ಇದ್ದಾನೆ. ಹಗಲು ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ಈ ವಾಚನಾಲಯದಲ್ಲಿ ಪರೀಕ್ಷೆಗೆ ಓದುತ್ತಾನೆಂದು ನಾನು ನಂಬಿದ್ದೆ. ಒಂದು ದಿನ ಅವನು ಮೇಜಿನ ಮೇಲೆಯೇ ತೂಕಡಿಸಿ, ಒಂದು ಬಿಲ್ಲಿಗೆ ಒಂದು ಸೊನ್ನೆ ಹೆಚ್ಚಾಗಿ ಬಿತ್ತು. ಅವನ ಎರಡು ದಿನದ ಸಂಬಳ ಹೋಯಿತು. ಆಮೇಲೆ ವಿಚಾರಿಸಿದರೆ, ಹುಡುಗ ಓದುತ್ತಿರಲಿಲ್ಲ, ಹಡಗು ಕಾಯುತ್ತಿದ್ದ.

ಕಾಯುವುದೆಂದರೇನೆಂದು ಸ್ವಲ್ಪ ವಿವರಿಸಬೇಕು. ಅವನು ಆಗ ಆಡುತ್ತಿದ್ದುದು 2018ರ ಡಿಸೆಂಬರಿನಲ್ಲಿ ಹೊರಬಂದ 'ಅಟ್ಲಾಸ್' ಎಂಬ ಆಟ. ಒಂದೇ ಲೋಕದಲ್ಲಿ ನಲವತ್ತು ಸಾವಿರ ಜನ ಒಟ್ಟಿಗೆ ಆಡಬಹುದೆಂದು ಅದರ ಜಾಹೀರಾತು. ಬರಿಗೈಯಲ್ಲಿ ದಡಕ್ಕೆ ಬಂದವನು ಮರ ಕಡಿಯಬೇಕು, ನಾರು ಕೀಳಬೇಕು, ದೋಣಿ ಕಟ್ಟಬೇಕು. ಊಟದಲ್ಲೂ ಲೆಕ್ಕ. ಬರೀ ಮಾಂಸ ತಿಂದರೆ ವಿಟಮಿನ್ ಸಾಲದೆ ಬಳಲುತ್ತಾನೆ. ಮೀನು, ಹಣ್ಣು, ಸೊಪ್ಪು ಎಲ್ಲವೂ ಬೇಕು. (ನಮ್ಮ ಮೆಸ್ಸಿನ ಊಟಕ್ಕೆ ಇಂಥ ಪರೀಕ್ಷೆಯಿಟ್ಟರೆ ನಾವು ಎಷ್ಟು ಜನ ಉಳಿದೇವೋ!) ಇದೆಲ್ಲ ಇರಲಿ. ತೊಂದರೆಯಿರುವುದು ಮುಂದೆ. ನೀವು ಆಟ ನಿಲ್ಲಿಸಿದರೂ ಆ ಲೋಕ ನಿಲ್ಲುವುದಿಲ್ಲ. ನಿಮ್ಮ ಮನುಷ್ಯ ಅಲ್ಲಿಯೇ ಮಲಗಿರುತ್ತಾನೆ, ಹಡಗು ಅಲ್ಲಿಯೇ ತೇಲುತ್ತಿರುತ್ತದೆ. ಇನ್ನಾವುದೋ ದೇಶದಲ್ಲಿ ಹಗಲಾದವರು ಬಂದು ನಿಮ್ಮ ತಿಂಗಳ ದುಡಿಮೆಯನ್ನು ಸುಟ್ಟು ಹೋಗಬಹುದು. ಹೀಗಾಗಿ ನನ್ನ ಅಳಿಯ ರಾತ್ರಿ ಎರಡಕ್ಕೆ ಗಡಿಯಾರವಿಟ್ಟು ಎದ್ದು ನೋಡುತ್ತಿದ್ದ. ಸಂಬಳವಿಲ್ಲದ ರಾತ್ರಿಪಾಳಿ ಎಂದು ನಾನು ಬೈದೆ. ಆ ಬೈಗುಳವನ್ನು ಇಂದೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅವನೂ ಆ ಆಟವನ್ನು ಬಿಟ್ಟ.

ಬಿಟ್ಟನೆಂದುಕೊಂಡು ನಾನು ನಿಶ್ಚಿಂತನಾಗಿದ್ದಾಗ, ಒಂದು ಶನಿವಾರ ರಾತ್ರಿ ಹತ್ತಕ್ಕೆ ಅವನು ಖೋಲಿಗೆ ಬರಲಿಲ್ಲ. ಎಳೆದುಕೊಂಡು ಹೋಗೋಣವೆಂದು ಇಲ್ಲಿಗೆ ಬಂದೆ. ಬಾಗಿಲ ಹೊರಗೆ ನಿಂತಾಗ ಒಳಗಿಂದ ನಮ್ಮ ಊರ ಮಾತು ಕೇಳಿಸಿತು, ಒಬ್ಬರದಲ್ಲ, ನಾಲ್ವರದು. ಒಳಗೆ ಹೋದರೆ ಅವನೊಬ್ಬನೇ. ಉಳಿದ ಮೂವರು ಅವನ ಶಾಲೆಯ ಜೊತೆಗಾರರು: ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಶಾರ್ಜಾದ ಹೋಟೆಲಿನಲ್ಲಿ, ಇನ್ನೊಬ್ಬ ಊರಲ್ಲೇ ತೋಟ ನೋಡಿಕೊಂಡಿದ್ದಾನೆ. ನಾಲ್ವರೂ ಒಂದು ಹಡಗಿನ ಮೇಲಿದ್ದರು. ಹಡಗಿಗೆ ತೂತು ಬಿದ್ದಿತ್ತು.

"ಊರಲ್ಲಿ ಮಳೆ ಬಂತಾ?" ಎಂದು ಶಾರ್ಜಾದವನು ಬಕೀಟಿನಿಂದ ನೀರು ಎತ್ತಿ ಚೆಲ್ಲುತ್ತ ಕೇಳಿದ.

"ನಿನ್ನೆ ಗಾಳಿಮಳೆ. ನಿಮ್ಮನೆ ಕೊಟ್ಟಿಗೆ ಹಂಚು ಹಾರಿದ್ದವು. ಬೆಳಿಗ್ಗೆ ಹೋಗಿ ಹೊದಿಸಿ ಬಂದೆ. ನಿಂಗೆ ಹೇಳ್ಬೇಡ ಅಂದಿದ್ರು ಅಮ್ಮ," ಎಂದ ಊರಿನವನು. ಹೇಳುತ್ತಲೇ ಹಡಗಿನ ತೂತಿಗೆ ಹಲಗೆ ಬಡಿಯುತ್ತಿದ್ದ.

ನಾನು ಬೈಯುವುದನ್ನು ಮರೆತು ಕುರ್ಚಿ ಎಳೆದುಕೊಂಡು ಕುಳಿತೆ.

ಈ ಆಟದ ಹೆಸರು 'ಸೀ ಆಫ್ ಥೀವ್ಸ್'. ಇಂಗ್ಲೆಂಡಿನ ರೇರ್ ಎಂಬ ಸಂಸ್ಥೆ 2018ರ ಮಾರ್ಚಿನಲ್ಲಿ ಹೊರತಂದದ್ದು. ಇದರ ದೊಡ್ಡ ಹಡಗಿಗೆ ನಾಲ್ಕು ಆಳು. ಚುಕ್ಕಾಣಿ ಹಿಡಿದವನಿಗೆ ಹಾಯಿಗಳು ಅಡ್ಡವಾಗಿ ಮುಂದಿನ ಬಂಡೆ ಕಾಣುವುದಿಲ್ಲ. ನಕ್ಷೆ ಕೆಳಗಿನ ಅಟ್ಟದಲ್ಲಿ ಮೇಜಿನ ಮೇಲಿದೆ. ಅವನು ಅದನ್ನೂ ನೋಡಲಾರ. ಒಬ್ಬ ಕೆಳಗಿನಿಂದ ದಿಕ್ಕು ಕೂಗಬೇಕು, ಒಬ್ಬ ಮುಂದೆ ನಿಂತು ಬಂಡೆ ಕೂಗಬೇಕು, ಇನ್ನೊಬ್ಬ ಹಾಯಿಯ ಹಗ್ಗ ಹಿಡಿಯಬೇಕು. ಲಂಗರು ಎತ್ತುವಾಗ ಎಲ್ಲರೂ ಕೈಹಾಕಿದರೆ ಬೇಗ, ಒಬ್ಬನೇ ತಿರುಗಿಸಿದರೆ ಅಷ್ಟರಲ್ಲಿ ವೈರಿ ಬಂದು ಮುಟ್ಟಿದ. ಕಪ್ತಾನನೆಂದು ಟೋಪಿ ಹಾಕಿಕೊಂಡು ನಿಂತವನು ನೀರು ಚೆಲ್ಲದಿದ್ದರೆ ಟೋಪಿಯೊಡನೆ ಮುಳುಗುತ್ತಾನೆ. ಅಗೆದು ತಂದ ಪೆಟ್ಟಿಗೆಯನ್ನು ಬಂದರಿನಲ್ಲಿ ಮಾರುವ ತನಕ ಅದು ನಿಮ್ಮದಲ್ಲ. ದಾರಿಯಲ್ಲಿ ಇನ್ನೊಂದು ಹಡಗಿನವರು ಕಸಿಯಬಹುದು. ಇನ್ನೊಂದು ಮಾತು ನನ್ನ ಮನಸ್ಸಿಗೆ ಹಿಡಿಸಿತು. ಇಲ್ಲಿ ಎಷ್ಟು ವರ್ಷ ಆಡಿದರೂ ನಿಮ್ಮ ತೋಪು ಹೊಸಬನ ತೋಪಿಗಿಂತ ಬಲವಾಗುವುದಿಲ್ಲ. ಹಾಯಿಯ ಬಣ್ಣ ಬದಲಾಗುತ್ತದೆ, ಅಷ್ಟೇ. ಮೂವತ್ತನಾಲ್ಕು ವರ್ಷ ಸೀನಿಯಾರಿಟಿ ಪಟ್ಟಿ ನೋಡಿಕೊಂಡೇ ಬದುಕಿದ ನನಗೆ ಇದು ಮೊದಲು ಅನ್ಯಾಯವೆಂದೇ ತೋರಿತು.

ಅಂದಿನಿಂದ ಶನಿವಾರ ನಾನೂ ಬಂದು ಕೂರುತ್ತೇನೆ. ಹುಡುಗರು ನೀರು ಚೆಲ್ಲುವಾಗ ನಾನು ಕಥೆ ಹೇಳುತ್ತೇನೆ. ಏಕೆಂದರೆ ಅವರ ಆಟದ ಕಡಲು ಕಲ್ಪನೆಯದು, ನಿಜವಾದ ಕಡಲು ನಮ್ಮ ಊರ ಮುಂದೆಯೇ ಇದೆ. ಯೂಬಿಸಾಫ್ಟ್ ಕಂಪನಿಯವರು ಹಿಂದೂ ಮಹಾಸಾಗರದ ಕಡಲುಗಳ್ಳರನ್ನೇ ವಸ್ತುವಾಗಿಟ್ಟು 'ಸ್ಕಲ್ ಅಂಡ್ ಬೋನ್ಸ್' ಎಂಬ ಆಟವನ್ನು, ಹಲವು ಸಲ ಮುಂದೂಡಿ, 2024ರ ಫೆಬ್ರವರಿಯಲ್ಲಿ ತಂದರು. ಆಫ್ರಿಕದ ಕರಾವಳಿ, ಪೂರ್ವದ ದ್ವೀಪಗಳು ಅದರಲ್ಲಿದ್ದವು. ಕಾರವಾರ, ಹೊನ್ನಾವರ ಇರಲಿಲ್ಲ.

ಇದ್ದಿದ್ದರೆ ಇಬ್ನ್ ಬತೂತನೂ ಇರಬೇಕಾಗಿತ್ತು. 1340ರ ದಶಕದಲ್ಲಿ ಆ ಪ್ರವಾಸಿ ಹೊನ್ನಾವರಕ್ಕೆ ಬರುತ್ತಿದ್ದಾಗ, ಹೊನ್ನಾವರಕ್ಕೂ ಬಾರಕೂರಿಗೂ ನಡುವೆ ಒಂದು ಸಣ್ಣ ದ್ವೀಪದ ಬಳಿ ಹನ್ನೆರಡು ಹಡಗುಗಳು ಅವನನ್ನು ಸುತ್ತುವರಿದವು. ಸಿಂಹಳದ ಅರಸ ಕೊಟ್ಟ ರತ್ನಗಳು, ಬಟ್ಟೆ, ಎಲ್ಲ ಹೋಯಿತು. ಉಟ್ಟ ಇಜಾರ ಒಂದು ಉಳಿಯಿತು. ಬುಖಾರದಲ್ಲಿ ಬರೆದುಕೊಂಡಿದ್ದ ಟಿಪ್ಪಣಿಗಳೂ ಹೋದವೆಂದು ಅವನು ಬೇರೆ ಕಡೆ ಹೇಳಿದ್ದಾನೆ. "ಅದು ನೇತ್ರಾಣಿಯಾ ಮಾವಾ?" ಎಂದು ಊರಿನ ಹುಡುಗ ಕೇಳಿದ. ದ್ವೀಪದ ಹೆಸರನ್ನು ಪ್ರವಾಸಿ ಬರೆದಿಲ್ಲ. ಆದರೆ ನೇತ್ರಾಣಿಯನ್ನು ದಿನವೂ ಕಾಣುವ ಹುಡುಗನಿಗೆ ಆ ಪ್ರಶ್ನೆ ಬರುವುದು ಸಹಜ.

ಹೊನ್ನಾವರದಲ್ಲೇ ತಿಮ್ಮಯ್ಯನೆಂಬವನಿದ್ದ, ಪೋರ್ಚುಗೀಸರು ಅವನನ್ನು ತಿಮೋಜ ಎಂದರು. ಮೊದಮೊದಲು ಅವರ ಬರಹಗಳಲ್ಲಿ ಅವನು ಕಡಲುಗಳ್ಳ. 1510ರಲ್ಲಿ ಗೋವೆಯನ್ನು ಹಿಡಿಯಿರೆಂದು ಆಲ್ಬುಕರ್ಕನಿಗೆ ಸಲಹೆ ಕೊಟ್ಟು ಜೊತೆಗೆ ಹೊರಟ ಮೇಲೆ ಅದೇ ಮನುಷ್ಯ ಮಿತ್ರನಾದ. ನಮ್ಮ ಈ ಮುಂಬಯಿಯ ಬಾಯಲ್ಲೇ ಖಾಂದೇರಿ ದ್ವೀಪವಿದೆ. ಇಂಗ್ಲಿಷರು ಕೊನೆಯವರೆಗೂ ದರೋಡೆಕೋರನೆಂದ ಕಾನ್ಹೋಜಿ ಆಂಗ್ರೆ ಮರಾಠರ ಸರಖೇಲ, ಎಂದರೆ ನೌಕಾಧಿಪತಿ. ತನ್ನ ಪರವಾನೆಯಿಲ್ಲದೆ ಹೋಗುವ ಹಡಗನ್ನು ಹಿಡಿಯುತ್ತಿದ್ದ. ಪೋರ್ಚುಗೀಸರು ಇನ್ನೂರು ವರ್ಷದಿಂದ ಮಾಡುತ್ತಿದ್ದುದೂ ಅದನ್ನೇ. ಅವನು 1729ರಲ್ಲಿ ತೀರಿದ. ಇಂದು ಮುಂಬಯಿಯ ನೌಕಾನೆಲೆಗೆ ಅವನ ಹೆಸರೇ ಇದೆ. ಕಳ್ಳನಾರೆಂಬುದನ್ನು ರಶೀದಿ ಪುಸ್ತಕ ಇಟ್ಟುಕೊಂಡವನೇ ಬರೆಯುತ್ತಾನೆ. ಇದು ಗುಮಾಸ್ತನಾದ ನನ್ನ ಅನುಭವ.

ಆದರೆ ಹುಡುಗರಿಗೆ ಹೆಚ್ಚು ಹಿಡಿಸಿದ್ದು ಕಪ್ತಾನ ಕಿಡ್ಡನ ಕಥೆ. ಕಡಲುಗಳ್ಳರನ್ನು ಹಿಡಿಯಲೆಂದು ಇಂಗ್ಲೆಂಡಿನಿಂದ ಸನ್ನದು ಪಡೆದು ಹೊರಟವನು ಅವನು. ಖಲಾಸಿಗಳೊಡನೆ ಕರಾರು: ಕೊಳ್ಳೆ ಸಿಕ್ಕರೆ ಪಾಲು, ಇಲ್ಲದಿದ್ದರೆ ಸಂಬಳವಿಲ್ಲ. 1697ರ ಸೆಪ್ಟೆಂಬರಿನಲ್ಲಿ ನಮ್ಮ ಕಾರವಾರಕ್ಕೆ ನೀರು, ಸೌದೆಗಾಗಿ ಬಂದಾಗ ಕೆಲವು ಆಳುಗಳು ಅವನನ್ನು ಬಿಟ್ಟು ದಡಕ್ಕಿಳಿದರು. ಇವನ ಮನಸ್ಸಿನಲ್ಲಿ ಏನಿದೆಯೆಂದು ಕಂಪನಿಯ ಕೋಠಿಯವರಿಗೆ ತಿಳಿಸಿದರು. ಮುಂದೆ 1698ರ ಜನವರಿಯಲ್ಲಿ ಅವನೇ ಒಂದು ದೊಡ್ಡ ವ್ಯಾಪಾರಿ ಹಡಗನ್ನು ಹಿಡಿದ. 1701ರಲ್ಲಿ ಲಂಡನ್ನಿನಲ್ಲಿ ಗಲ್ಲಾಯಿತು. "ಇಳಿದುಹೋದವರೇ ಜಾಣರು," ಎಂದ ಶಾರ್ಜಾದ ಹುಡುಗ. ಅವನು ಹಿಂದೆ ಒಂದು ಹೋಟೆಲನ್ನು ಬಿಟ್ಟವನು. ಮೂರು ತಿಂಗಳ ಪಗಾರ ಅಲ್ಲಿ ಉಳಿದಿದೆ.

ಕೊನೆಯದಾಗಿ, ನನ್ನ ಸೂಚನೆಯನ್ನು ಮುಳುಗಿಸಿದ ಸಂಗತಿ. 1724ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಡಲುಗಳ್ಳರ ಚರಿತ್ರೆಯೊಂದರಲ್ಲಿ ರಾಬರ್ಟ್ಸ್ ಎಂಬವನ ಹಡಗಿನ ಕಟ್ಟಳೆಗಳಿವೆ. ಪ್ರತಿಯೊಬ್ಬನಿಗೂ ಒಂದು ಮತ. ಕಪ್ತಾನನಿಗೆ ಎರಡು ಪಾಲು, ಸಾಮಾನ್ಯ ಆಳಿಗೆ ಒಂದು. ಕೈಯೋ ಕಾಲೋ ಹೋದವನಿಗೆ ಸಮುದಾಯದ ಗಂಟಿನಿಂದ ಎಂಟುನೂರು ಡಾಲರು. ಹಣ ಕಟ್ಟಿ ಇಸ್ಪೀಟು, ದಾಳ ಆಡಕೂಡದು. (ನಮ್ಮ ಪಾರ್ಲಿಮೆಂಟು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದು 2025ರ ಆಗಸ್ಟಿನಲ್ಲಿ!) ರಾತ್ರಿ ಎಂಟಕ್ಕೆ ದೀಪ ಆರಿಸಬೇಕು. ಎಂಟು ಗಂಟೆ! ಓದುತ್ತ ಓದುತ್ತ ನಾನು ಇಲ್ಲಿ ತಡೆದೆ. ನನ್ನ ಸೂಚನೆಯಲ್ಲೂ ಎಂಟೇ ಇದ್ದಿತು. ಕಳ್ಳರಿಗೂ ನನಗೂ ಅಭಿಪ್ರಾಯ ಕೂಡಿತೆಂದು ಹುಡುಗರು ನಕ್ಕರು. ನನ್ನ ಅಳಿಯ ಮಾತ್ರ ನಗದೆ, "ಮಾವಾ, ಅವರು ಎಲ್ಲರೂ ಕೂತು ಬರೆದು ರುಜು ಹಾಕಿದ್ದು. ನೀವು ನಮ್ಮನ್ನು ಕೇಳಲೇ ಇಲ್ಲ," ಎಂದ.

ಉತ್ತರ ನನ್ನ ಬಳಿ ಇರಲಿಲ್ಲ. ಒಂದು ಖೋಲಿಯಲ್ಲಿ ಎಂಟು ಜನ ಇದ್ದು ಬಾಳಿದವರು ನಾವು. ದೀಪ ಯಾವಾಗ ಆರಬೇಕು, ನೀರು ಯಾರು ಹಿಡಿಯಬೇಕು, ಊರಿಂದ ಬಂದ ಹೊಸಬ ಎಲ್ಲಿ ಮಲಗಬೇಕು, ಎಲ್ಲವನ್ನೂ ಕೂತು ಮಾತಾಡಿ ಗೊತ್ತುಮಾಡಿಕೊಂಡವರು. ನಾನು ಅದನ್ನು ಮರೆತೆ.

ಆದ್ದರಿಂದ ಸಮಿತಿಯ ಮುಂದೆ ಇಂದು ಬೇರೆ ಕಾಗದವಿಟ್ಟಿದ್ದೇನೆ. ಅದನ್ನು ಬರೆದವರು ಹುಡುಗರು, ಕೆಳಗೆ ಏಳು ಜನರ ರುಜು ಇದೆ. ಆಟ ಶನಿವಾರ ಮಾತ್ರ, ರಾತ್ರಿ ಹನ್ನೊಂದರ ತನಕ. ಕೆಲಸದ ಅರ್ಜಿ ಹಾಕಲು ಯಾರು ಬಂದರೂ ಆಟ ನಿಲ್ಲಿಸಿ ಕಂಪ್ಯೂಟರು ಬಿಟ್ಟುಕೊಡಬೇಕು, ನಡುಗಡಲಿನಲ್ಲಿದ್ದರೂ. ಹಣ ಕಟ್ಟುವಂತಿಲ್ಲ. ನಾವು ಮಲಗಿದಾಗಲೂ ನಿಲ್ಲದ ಲೋಕದ ಆಟ ಇಲ್ಲಿ ಬೇಡ. ಕರೆಂಟಿನ ಬಿಲ್ಲಿಗೆ ತಿಂಗಳಿಗೆ ಇಷ್ಟು ಎಂದು ಬರೆದ ಮೊತ್ತ ಸ್ವಲ್ಪ ಕಡಮೆಯಾಯಿತೆಂದು ನನ್ನ ಅಭಿಪ್ರಾಯ. ಅದನ್ನು ಖಜಾಂಚಿಗಳು ನೋಡಿಕೊಳ್ಳಲಿ.

ಮೊನ್ನೆ ಶನಿವಾರ ಬೆಂಗಳೂರಿನ ಹುಡುಗನಿಗೆ ಪಾಳಿ ಬದಲಾಗಿ ಬರಲಾಗಲಿಲ್ಲ. ಒಂದು ಆಳು ಕಡಮೆ. ಅಳಿಯ ತನ್ನ ಗೆಳೆಯನ ಲ್ಯಾಪ್‌ಟಾಪ್ ನನ್ನ ಮುಂದೆ ಸರಿಸಿದ. ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು, ಬೇರೆ ಕಳ್ಳರು ಬಾರದ ಕಡಲೊಂದನ್ನು ತೆರೆದ. ಅಂಥದೂ ಒಂದು ಅದರಲ್ಲಿದೆ. ಚುಕ್ಕಾಣಿ ನನ್ನ ಕೈಗೆ ಬಂತು. ಮಳೆ ಶುರುವಾಯಿತು, ದಿಕ್ಸೂಚಿ ಗಿರಗಿರನೆ ತಿರುಗಿತು, ನನಗೆ ಹಾಯಿಯ ಬಟ್ಟೆ ಬಿಟ್ಟು ಬೇರೇನೂ ಕಾಣಲಿಲ್ಲ.

"ಮಾವಾ, ಎಡಕ್ಕೆ ತಿರುಗ್ಸಿ, ಎಡಕ್ಕೆ!" ಎಂದು ಶಾರ್ಜಾದಿಂದ ಕೂಗು ಬಂತು.

ನಾನು ಬಲಕ್ಕೆ ತಿರುಗಿಸಿದೆ. ಈಗ ಬಕೀಟು ಹಿಡಿಯುವುದು ಹೇಗೆಂದು ಕಲಿಯುತ್ತಿದ್ದೇನೆ.