ಪಾಠಶಾಲೆಯಲ್ಲಿ ಆಸನಕ್ರಮ

(ಶ್ರೀಮಠದ ಪಾಠಶಾಲೆಯ ಅಮೃತಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಗೋಷ್ಠಿಯಲ್ಲಿ ನನ್ನಿಂದ ವ್ಯಾಕರಣವನ್ನೋ ಷಟ್‌ಸ್ಥಲಸಿದ್ಧಾಂತವನ್ನೋ ಕುರಿತ ಮಾತನ್ನು ತಾವು ನಿರೀಕ್ಷಿಸಿರಬಹುದು. ಆದರೆ ಮಹೋತ್ಸವದ ನಿಮಿತ್ತ ಪಾಠಶಾಲೆಗೆ ನೂತನ ಕಟ್ಟಡವೊಂದು ಏಳಲಿರುವುದರಿಂದಲೂ, ಅದರ ನಕಾಶೆಯು ಇನ್ನೂ ಕಾಗದದ ಮೇಲೆಯೇ ಇರುವುದರಿಂದಲೂ, ವಿದ್ಯಾರ್ಥಿಯು ಎಲ್ಲಿ, ಹೇಗೆ ಕುಳಿತು ಕಲಿಯಬೇಕೆಂಬ, ನೋಡುವುದಕ್ಕೆ ಅಲ್ಪವೆನ್ನಿಸುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಗೋಡೆಗಳೆದ್ದ ಮೇಲೆ ಈ ಮಾತನ್ನಾಡಿ ಪ್ರಯೋಜನವಿಲ್ಲ.

ಪ್ರಾಚೀನರಿಗೆ ಇದು ಅಲ್ಪವಿಷಯವಾಗಿರಲಿಲ್ಲವೆಂಬುದಕ್ಕೆ ಶಬ್ದಗಳೇ ಸಾಕ್ಷಿ. ಷದ್ಲೃ ಎಂಬ ಒಂದೇ ಧಾತುವಿನಿಂದ ಉಪನಿಷತ್, ಪರಿಷತ್, ಸಂಸತ್ ಎಂಬ ಮೂರು ಶಬ್ದಗಳು ಹುಟ್ಟಿರುವುವು. ಸಮೀಪದಲ್ಲಿ ಕೂಡ್ರುವುದು ಮೊದಲನೆಯದು; ಸುತ್ತಲೂ ಕೂಡ್ರುವುದು ಎರಡನೆಯದು; ಒಟ್ಟಾಗಿ ಕೂಡ್ರುವುದು ಮೂರನೆಯದು. (ಶಂಕರಾಚಾರ್ಯರು ಉಪನಿಷಚ್ಛಬ್ದಕ್ಕೆ ಅವಿದ್ಯೆಯನ್ನು ನಾಶಗೊಳಿಸುವುದೆಂಬ ಅರ್ಥವನ್ನು ಅದೇ ಧಾತುವಿನಿಂದ ಸಾಧಿಸಿರುವುದನ್ನು ನಾನು ಮರೆತಿಲ್ಲ, ಪ್ರಕೃತಕ್ಕೆ ನಮಗೆ ಬೇಕಾದುದು ಕೂಡ್ರುವ ಅರ್ಥ.) ಗುರುವಿನಿಂದ ಅರಿಯಬೇಕಾದವನು ಹತ್ತಿರ ಬರಬೇಕು, ಹಲವರು ಕೂಡಿ ವಿಚಾರಿಸುವಾಗ ಒಬ್ಬರ ಮುಖವು ಒಬ್ಬರಿಗೆ ಕಾಣಬೇಕು. ಒಬ್ಬನ ಬೆನ್ನನ್ನು ಮತ್ತೊಬ್ಬನು ನೋಡುತ್ತ ಕೂಡ್ರುವುದಕ್ಕೆ ಈ ಧಾತುವಿನಿಂದ ಶಬ್ದವೊಂದು ಹುಟ್ಟಿದುದು ನನ್ನ ಗಮನಕ್ಕೆ ಬಂದಿಲ್ಲ.

ಸಂಸತ್ತಿನ ಮಾತು ಬಂದುದರಿಂದ ಒಂದು ಪ್ರಸಂಗವನ್ನು ಹೇಳುತ್ತೇನೆ. 1941ನೆಯ ಇಸವಿ ಮೇ ತಿಂಗಳಲ್ಲಿ ಶತ್ರುವಿಮಾನಗಳ ಬಾಂಬಿನಿಂದ ಇಂಗ್ಲೆಂಡಿನ ಕಾಮನ್ಸ್ ಸಭಾಗೃಹವು ನಾಶವಾಯಿತು. 1943ರಲ್ಲಿ ಅದರ ಪುನರ್ನಿರ್ಮಾಣದ ಪ್ರಶ್ನೆಯು ಬಂದಾಗ ಪ್ರಧಾನಮಂತ್ರಿ ಚರ್ಚಿಲ್ಲರು, ಎರಡು ಪಕ್ಷಗಳೂ ಎದುರುಬದುರಾಗಿ ಕೂಡ್ರುವ ಹಳೆಯ ಆಯತಾಕಾರವೇ ಇರಲೆಂದೂ, ಎಲ್ಲ ಸದಸ್ಯರಿಗೂ ಆಸನ ಸಾಲದಷ್ಟು ಕಿರಿದಾಗಿಯೇ ಇರಲೆಂದೂ ವಾದಿಸಿದರು. ಸಭೆ ಕಿರಿದಾದರೆ ಮಾತು ಸಂಭಾಷಣೆಯಾಗುವುದು, ಹಿರಿದಾದರೆ ಬರಿಯ ಭಾಷಣವಾಗುವುದು ಎಂಬುದು ಅವರ ಅಭಿಪ್ರಾಯ. ಹಾಗೆಯೇ ಕಟ್ಟಿದರು; 1950ರಲ್ಲಿ ಅದು ತೆರೆಯಿತು. ನಮ್ಮ ಲೋಕಸಭೆಯಲ್ಲಾದರೋ ಆಸನಗಳು ಅರ್ಧವರ್ತುಲವಾಗಿರುವುವು. ಅದರಿಂದ ಅಲ್ಲಿ ಗದ್ದಲ ಕಡಿಮೆಯಾಯಿತೆಂದು ಹೇಳುವ ಧೈರ್ಯ ನನಗಿಲ್ಲ. ರಾಜಕಾರಣಿಗಳ ವಿಷಯವಿರಲಿ, ಬಾಲಕರ ವಿಷಯಕ್ಕೆ ಬರೋಣ.

ನಮ್ಮ ಸೀಮೆಯ ಹಳೆಯ ಕೂಲಿಮಠಗಳಲ್ಲಿ ಅಯ್ಯನವರು ಜಗಲಿಯ ಮೇಲೆಯೋ ಗುಡಿಯ ಮೊಗಸಾಲೆಯಲ್ಲಿಯೋ ಕೂಡ್ರುವರು. ಮಕ್ಕಳು ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವರು. ಕಲಿತ ಹುಡುಗನು ಕಲಿಯದವನಿಗೆ ಹೇಳಿಕೊಡುವನು. ಇಂಥದೇ ಒಂದು ಶಾಲೆಯನ್ನು ಮದರಾಸಿನಲ್ಲಿ ಆಂಡ್ರೂ ಬೆಲ್ ಎಂಬ ಪಾದ್ರಿಯು ಕಂಡನು. ಆತನು 1789ರಿಂದ ಅಲ್ಲಿಯ ಅನಾಥಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದನು. ಮರಳಿನ ಬರವಣಿಗೆಯನ್ನೂ ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸುವ ಕ್ರಮವನ್ನೂ ತನ್ನ ಶಾಲೆಯಲ್ಲಿ ನಡೆಯಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವೃತ್ತಾಂತವನ್ನು ಅಚ್ಚು ಹಾಕಿಸಿದನು. ಅದೇ ಕಾಲದಲ್ಲಿ ಅಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬವನೂ ಇಂಥ ಕ್ರಮದಿಂದಲೇ ನೂರಾರು ಬಡ ಬಾಲಕರಿಗೆ ಒಂದೇ ಕೋಣೆಯಲ್ಲಿ ಪಾಠ ಹೇಳಿಸಿದನು. ಅಷ್ಟೊಂದು ಮಕ್ಕಳನ್ನು ಒಬ್ಬ ಉಪಾಧ್ಯಾಯನ ಕಣ್ಣಳತೆಯಲ್ಲಿ ಇರಿಸಬೇಕಲ್ಲವೇ? ಅದಕ್ಕಾಗಿ ಉದ್ದನೆಯ ಬೆಂಚುಗಳ ಸಾಲುಗಳು, ಹಿಂದಕ್ಕೆ ಹೋದಂತೆ ಏರುವ ನೆಲ, ಮುಂದೆ ಉಪಾಧ್ಯಾಯನ ಎತ್ತರದ ಪೀಠ. ಆದರೂ ಮೊದಲ ಸಾಲಿನ ಎಳೆಯರಿಗೆ ಮರಳಿನ ಹಲಗೆಯೇ ಇದ್ದಿತು. ಓದುವ ಪಾಠ ಬಂದಾಗ ಮಕ್ಕಳು ಬೆಂಚನ್ನು ಬಿಟ್ಟೆದ್ದು ಗೋಡೆಯ ಬದಿಗೆ ಅರ್ಧವರ್ತುಲವಾಗಿ ನಿಲ್ಲುತ್ತಿದ್ದರು. ಬರೆಯುವಾಗ ಸಾಲು, ಓದಿ ಒಪ್ಪಿಸುವಾಗ ವರ್ತುಲ! ಈ ವಿವೇಕವನ್ನು ಕೈಬಿಟ್ಟು ನಾವು ಬೆಂಚನ್ನಷ್ಟೇ ಉಳಿಸಿಕೊಂಡಿರುವೆವು.

ನಾನು ಜಗಲಿಯ ಸ್ತುತಿಪಾಠಕನೆಂದು ತಾವು ಭಾವಿಸಬಾರದು. ಆ ಜಗಲಿಯನ್ನು ಎಲ್ಲ ಮಕ್ಕಳೂ ಏರುವಂತಿರಲಿಲ್ಲ. ಡಾಕ್ಟರ್ ಅಂಬೇಡ್ಕರರು ಬಾಲ್ಯದಲ್ಲಿ ಸಾತಾರೆಯ ಶಾಲೆಯಲ್ಲಿ ಒಂದು ಮೂಲೆಯಲ್ಲಿ ಒಬ್ಬರೇ ಗೋಣಿತಟ್ಟಿನ ಮೇಲೆ ಕೂಡ್ರಬೇಕಾಗಿದ್ದಿತು. ಶಾಲೆಯ ಕಸ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟಲೊಲ್ಲದುದರಿಂದ ಅದನ್ನು ಸಂಜೆ ಮನೆಗೆ ಒಯ್ದು ಮರುದಿನ ಮರಳಿ ತರಬೇಕಾಗಿದ್ದಿತೆಂದು ಅವರೇ ಬರೆದಿರುವರು. ಪಾಠ ಎಲ್ಲರಿಗೂ ಒಂದೇ. ಕುಳಿತ ಸ್ಥಳವು ಮಾತ್ರ ಬಾಲಕನಿಗೆ ಪ್ರತಿದಿನವೂ ಬೇರೊಂದು ಪಾಠವನ್ನು ಹೇಳುತ್ತಿದ್ದಿತು. ಆದುದರಿಂದ ನೆಲದ ಮೇಲೆ ಕುಳಿತ ಮಾತ್ರಕ್ಕೆ ಸಮತೆಯು ಬಂದಿತೆಂದು ತಿಳಿಯಲಾಗದು. ಕಲ್ಯಾಣದ ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಶೂನ್ಯಸಿಂಹಾಸನವನ್ನೇರಿದ್ದರೂ, ಮಡಿವಾಳ ಮಾಚಯ್ಯನವರೂ ಅಂಬಿಗರ ಚೌಡಯ್ಯನವರೂ ಅದೇ ಮಂಟಪದೊಳಗೆ ಕುಳಿತಿದ್ದರೆಂದೂ, ಅಕ್ಕಮಹಾದೇವಿಯು ಪ್ರಭುಗಳ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸಿದಳೆಂದೂ ನಮ್ಮ ಪರಂಪರೆಯು ಹೇಳುವುದು. ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯು ಸಂವಾದರೂಪದಲ್ಲಿರುವುದು ಆಕಸ್ಮಿಕವಲ್ಲ.

ಆಧುನಿಕರೂ ಇದನ್ನು ಪರೀಕ್ಷಿಸಿ ನೋಡಿರುವರು. 1970ರಲ್ಲಿ ಆಡಮ್ಸ್ ಮತ್ತು ಬಿಡ್ಲ್ ಎಂಬ ವಿದ್ವಾಂಸರು, ಸಾಲಾಗಿ ಕೂಡ್ರಿಸಿದ ತರಗತಿಗಳಲ್ಲಿ ಉಪಾಧ್ಯಾಯರೊಡನೆ ಮಾತನಾಡುವ ಮಕ್ಕಳು ಬಹುತೇಕ ಮುಂದಿನ ಸಾಲಿನವರೂ ನಡುವಿನ ಪಂಕ್ತಿಯವರೂ ಆಗಿರುವರೆಂದು ತೋರಿಸಿದರು. 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ನಾಲ್ಕನೆಯ ತರಗತಿಯ ಮಕ್ಕಳನ್ನು ಕೆಲವು ದಿನ ಸಾಲಾಗಿಯೂ ಕೆಲವು ದಿನ ಅರ್ಧವರ್ತುಲವಾಗಿಯೂ ಕೂಡ್ರಿಸಿದಾಗ, ಅರ್ಧವರ್ತುಲದಲ್ಲಿಯೇ ಅವರು ಹೆಚ್ಚು ಪ್ರಶ್ನೆಗಳನ್ನು ಕೇಳಿದರೆಂದು ತಿಳಿಸುವುದು. ಒಬ್ಬೊಬ್ಬರೇ ಕುಳಿತು ಬರೆಯುವ ಕೆಲಸಕ್ಕೆ ಸಾಲೇ ಮೇಲೆಂಬುದನ್ನೂ ಈ ಶಾಸ್ತ್ರಜ್ಞರು ಒಪ್ಪುವರು. ನನ್ನ ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ. ಅಮರಕೋಶವನ್ನು ಒಕ್ಕೊರಲಿನಿಂದ ಹೇಳಿಸುವಾಗ ಯಾರು ಎಲ್ಲಿ ಕುಳಿತರೂ ಬಾಧಕವಿಲ್ಲ. ಆದರೆ ಸಂಧಿಯನ್ನೋ ಸಮಾಸವನ್ನೋ ಬಿಡಿಸುವಾಗ, ಗೋಡೆಗೊರಗಿದ ಹಿಂದಿನ ಸಾಲಿನ ಬಾಲಕನು ತನ್ನ ಸಂದೇಹವನ್ನು ನುಂಗಿಕೊಳ್ಳುವನು. ಅದೇ ಬಾಲಕನು ಪ್ರಸಾದವಾದ ಮೇಲೆ ಬೇವಿನ ಕಟ್ಟೆಯ ಮೇಲೆ ನಮ್ಮ ಮಗ್ಗುಲಲ್ಲಿ ಕುಳಿತಾಗ ಒಂದರ ಮೇಲೊಂದು ಪ್ರಶ್ನೆ ಹಾಕುವನು. ಬುದ್ಧಿ ಅದೇ, ಗುರು ಅವನೇ, ಬದಲಾದುದು ಕಟ್ಟೆಯೊಂದೇ.

ಇನ್ನು ಧ್ವನಿಯ ವಿಷಯ. ನಮ್ಮ ಕಲ್ಲಿನ ಸಾಲುಮಂಟಪವು ಭಜನೆಗೆ ಅತ್ಯುತ್ತಮವಾದುದು; ಪಾಠಕ್ಕೆ ಅಲ್ಲ. ಖಾಲಿಯಿರುವಾಗ ಒಮ್ಮೆ ಚಪ್ಪಾಳೆ ತಟ್ಟಿ ಕೇಳಿರಿ. ಶಬ್ದವು ಕಂಬದಿಂದ ಕಂಬಕ್ಕೆ ಹಾಯ್ದು ಬಹಳ ಹೊತ್ತು ನಿಲ್ಲುವುದು. ಭಜನೆಯಲ್ಲಿ ಆ ಅನುರಣನವೇ ಮಾಧುರ್ಯ. ಪಾಠದಲ್ಲಾದರೋ ಹಿಂದಿನ ಅಕ್ಷರವು ಮುಂದಿನ ಅಕ್ಷರವನ್ನು ಮುಚ್ಚಿಬಿಡುವುದು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ಕಿವಿಗೆ ಬೀಳದಿದ್ದರೆ ನಾಲಗೆಗೆ ಬರುವುದೆಂತು? ತರಗತಿಯ ಕೋಣೆಯಲ್ಲಿ ಅನುರಣನವು 0.6 ಸೆಕೆಂಡಿಗಿಂತ ಹೆಚ್ಚಿರಬಾರದೆಂದು 2002ರ ಅಮೆರಿಕದ ಮಾನದಂಡವು ವಿಧಿಸಿರುವುದು. ಧ್ವನಿವರ್ಧಕವನ್ನು ಇಟ್ಟರಾಯಿತೆಂದು ಕೆಲವರು ಹೇಳುವರು. ಅದು ಮಾತಿನೊಡನೆ ಗೊಂದಲವನ್ನೂ ದೊಡ್ಡದು ಮಾಡುವುದು. ನೆಲಕ್ಕೆ ಜಮಖಾನೆ, ಗೋಡೆಗೆ ಪುಸ್ತಕದ ಕಪಾಟುಗಳು, ಮೇಲೆ ಹಂಚು ಇದ್ದರೆ ಬಹುಪಾಲು ದೋಷ ಪರಿಹಾರವಾಗುವುದು. ತಗಡಿನ ಛಾವಣಿ ಮಾತ್ರ ಬೇಡ. ಮುಂಗಾರು ಬಂದಿತೆಂದರೆ ಪಾಠ ನಿಂತಿತೆಂದೇ ತಿಳಿಯಬೇಕು.

ಈಗ ಕಟ್ಟಡ ಸಮಿತಿಯವರಲ್ಲಿ ನನ್ನ ಬಿನ್ನಹ. ನಕಾಶೆಯಲ್ಲಿ ನೂರು ಮಂದಿಯ ಒಂದು ದೊಡ್ಡ ಹಜಾರವೂ, ಮೊಳಕ್ಕೂ ಮಿಕ್ಕಿ ಎತ್ತರವಾದ ವೇದಿಕೆಯೂ, ನೆಲಕ್ಕೆ ಬಿಗಿದ ನಲವತ್ತು ಬೆಂಚುಗಳೂ ಇರುವುವು. ಬೆಂಚುಗಳನ್ನು ಕೊಡಲೊಪ್ಪಿದ ದಾನಿಗಳು ನನ್ನ ಮೇಲೆ ಮುನಿಯಬಾರದು. ಅವರ ಭಕ್ತಿ ದೊಡ್ಡದು. ನಾನು ಬೇಡುವುದು ಇಷ್ಟೇ: ಅದೇ ದ್ರವ್ಯದಿಂದ ಎತ್ತಿಡಲು ಬರುವ ಮಣೆಗಳನ್ನೂ ಇಳಿಜಾರಿನ ಗಿಡ್ಡ ಮೇಜುಗಳನ್ನೂ, ಕಾಲು ಮಡಚಲಾರದ ಮಕ್ಕಳಿಗೂ ಮುಪ್ಪಿನ ಉಪಾಧ್ಯಾಯರಿಗೂ ಕೆಲವು ಕುರ್ಚಿಗಳನ್ನೂ ಮಾಡಿಸಬಹುದು. ಒಂದು ಹಜಾರದ ಬದಲು ಮೂವತ್ತು ಮೂವತ್ತು ಮಂದಿಯ ಮೂರು ಕೋಣೆಗಳಾಗಲಿ. ನೆಲದ ಮೇಲೆ ಕುಳಿತವನ ಕಣ್ಣಿಗೆ ನಿಲುಕುವಂತೆ ಕಿಟಕಿಗಳು ತಗ್ಗಾಗಿರಲಿ. ಗುರುಪೀಠವು ಗೇಣೆತ್ತರವಿದ್ದರೆ ಗೌರವಕ್ಕೇನೂ ಕೊರತೆಯಿಲ್ಲ. ಸ್ಥಳಗಳು ವಾರಕ್ಕೊಮ್ಮೆ ಬದಲಾಗಲಿ. ಯಾವ ಮೂಲೆಯೂ ಯಾರೊಬ್ಬರ ಪಾಲಿಗೆ ಕಾಯಮ್ಮಾಗದಿರಲಿ.

ನನ್ನ ಮಾತಿನಲ್ಲಿ ವಿಶ್ವಾಸ ಸಾಲದಿದ್ದರೆ ಇನ್ನೊಂದು ಉಪಾಯವುಂಟು. ಪಾಯ ತೋಡುವ ಮುನ್ನ ಎರಡೂ ನಕಾಶೆಗಳ ಅಳತೆಗೆ ಈ ಅಂಗಳದಲ್ಲಿಯೇ ಸುಣ್ಣದ ಗೆರೆ ಎಳೆಯಿಸಿ, ವಿದ್ಯಾರ್ಥಿಗಳನ್ನು ಒಂದು ದಿನ ಹಾಗೆ, ಒಂದು ದಿನ ಹೀಗೆ ಕೂಡ್ರಿಸಿರಿ. ಸಮಿತಿಯ ಹಿರಿಯರು ಹಿಂದಿನ ಕಡೆಯ ಮೂಲೆಯಲ್ಲಿ ತಾವೇ ಕುಳಿತು ಒಂದು ಘಳಿಗೆ ಪಾಠ ಕೇಳಲಿ. ಆ ಮೇಲೆ ಅವರು ಕೊಡುವ ನಿರ್ಣಯಕ್ಕೆ ನನ್ನ ಪೂರ್ಣ ಸಮ್ಮತಿಯಿರುವುದು.