ಹೆದ್ದಾರಿ ಕೆಲಸದಾಗ ನಮ್ಮ ತಾಸಿಗೆ ರೇಟ್ ಎಷ್ಟು?

ಇವತ್ತಿನ ಎಪಿಸೋಡ್ ಹೆದ್ದಾರಿ ಬಗ್ಗೆ. ವಾಹನ ಓಡಾಡುತ್ತಿರುವ ರಸ್ತೆಯನ್ನೇ ಕಿತ್ತು ಹೊಸದಾಗಿ ಕಟ್ಟುವಾಗ ನಮ್ಮೆಲ್ಲರ ಟೈಮ್ ಹೋಗ್ತದಲ್ಲ, ಆ ಟೈಮ್ ಯಾರ ಖಾತೆಗೆ ಖರ್ಚು ಬೀಳ್ತದೆ? ಪ್ರಶ್ನೆ ಇಷ್ಟೇ. ನಾನು ಬಿ.ಕಾಂ. ಓದಿದವ. ಎಂಜಿನಿಯರಿಂಗ್ ಮಾತು ಎಷ್ಟು ಬೇಕೋ ಅಷ್ಟು ಹೇಳ್ತೀನಿ, ಉಳಿದದ್ದು ಲೆಕ್ಕ.

ನಮ್ಮ ಹೆದ್ದಾರಿ ಅಂದ್ರೆ 65. ಹಿರಿಯರ ಬಾಯಲ್ಲಿ ಇನ್ನೂ ಅದು ‘ನಂಬರ್ 9’. ಪುಣೆಯಲ್ಲಿ ಶುರುವಾಗಿ ಸೊಲ್ಲಾಪುರ, ಉಮರ್ಗಾ ದಾಟಿ ಕರ್ನಾಟಕಕ್ಕೆ ಬರುತ್ತದೆ. ಸಸ್ತಾಪುರ ಬಂಗ್ಲಾ ಹತ್ತಿರ ಬಸವಕಲ್ಯಾಣಕ್ಕೆ ತಿರುವು. ಮುಂದೆ ರಾಜೇಶ್ವರ, ಹುಮನಾಬಾದ್, ಮನ್ನಾಎಖ್ಖೆಳ್ಳಿ. ಆಮೇಲೆ ಜಹೀರಾಬಾದ್, ಹೈದರಾಬಾದ್, ವಿಜಯವಾಡ, ಕೊನೆಗೆ ಸಮುದ್ರದಂಡೆಯ ಮಚಲೀಪಟ್ಟಣ. ಹುಮನಾಬಾದಿನಲ್ಲಿ ಬೀದರ್–ಕಲಬುರಗಿ ಕಡೆಯ 50ನೇ ನಂಬರ್ ಹೆದ್ದಾರಿಯೂ ಬಂದು ಸೇರುತ್ತದೆ. ಸೊಲ್ಲಾಪುರದ ಆಸ್ಪತ್ರೆಗೆ, ಹೈದರಾಬಾದಿನ ಮಾರ್ಕೆಟ್ಟಿಗೆ, ಕಲಬುರಗಿಯ ಕಾಲೇಜಿಗೆ ಹೋಗೋರಿಗೆಲ್ಲ ಇದೇ ದಾರಿ.

ಈ ದಾರಿ ಎರಡು ಲೇನಿನಿಂದ ನಾಲ್ಕು ಲೇನ್ ಆದದ್ದು ಎರಡು ಬೇರೆ ಪ್ರಾಜೆಕ್ಟ್‌ಗಳಲ್ಲಿ. ಮಹಾರಾಷ್ಟ್ರ–ಕರ್ನಾಟಕ ಗಡಿಯಿಂದ ಸಂಗಾರೆಡ್ಡಿವರೆಗೆ ಸುಮಾರು 145 ಕಿ.ಮೀ. ಒಂದು. ಇದು ಇಪಿಸಿ ಪದ್ಧತಿ, ಅಂದ್ರೆ ಕೆಲಸ ಆದಂತೆ ಸರ್ಕಾರವೇ ಬಿಲ್ ಕೊಡ್ತದೆ. ಸೊಲ್ಲಾಪುರದಿಂದ ಗಡಿವರೆಗೆ ಇನ್ನೊಂದು. ಅದು ಬಿಒಟಿ, ಅಂದ್ರೆ ಗುತ್ತಿಗೆದಾರನೇ ಸಾಲ ತಂದು ಕಟ್ಟಿ, ಟೋಲ್ ಎತ್ತಿ ವಾಪಸ್ ತೆಗೆಯಬೇಕು. ನಮ್ಮ ಕಡೆ ನಾಲ್ಕು ಲೇನ್ ಓಡಾಟ ಶುರುವಾದ ಮೇಲೂ ಉಮರ್ಗಾ, ನಳದುರ್ಗದ ಕಡೆ ಕೆಲಸ ವರ್ಷಗಟ್ಟಲೆ ಎಳೆದದ್ದು ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಬಿಒಟಿಯಲ್ಲಿ ಸಾಲದ ಹಣ ಸರಿಯಾಗಿ ಬರದಿದ್ರೆ ರೋಲರ್ ನಿಂತುಬಿಡ್ತದೆ. ಡೈವರ್ಷನ್ ಮಾತ್ರ ನಿಲ್ಲೋದಿಲ್ಲ, ಅದು ಹಾಗೇ ಮುಂದುವರಿತದೆ.

ಈಗ ಕೆಲಸ ಯಾಕೆ ಕಷ್ಟ ಅಂತ ನೋಡೋಣ. ಗಿರಾಕಿ ಬರ್ತಾ ಇರುವಾಗಲೇ ಅಂಗಡಿಯ ಫರಸಿ ಕಿತ್ತು ಹಾಕಿಸಿದಂಗೆ ಇದು. ಅಂಗಡಿ ಬಂದ್ ಮಾಡಂಗಿಲ್ಲ. ಅದಕ್ಕೇ ಮೊದಲು ಹಳೆ ರಸ್ತೆಯ ಪಕ್ಕ ಹೊಸ ಎರಡು ಲೇನ್ ಕಟ್ಟುತ್ತಾರೆ. ಓಡಾಟವನ್ನೆಲ್ಲ ಅದರ ಮೇಲೆ ಬಿಡುತ್ತಾರೆ. ಆಮೇಲೆ ಹಳೆಯದನ್ನು ರಿಪೇರಿ ಮಾಡುತ್ತಾರೆ. ಕೇಳೋಕೆ ಸುಲಭ. ಆದ್ರೆ ಸೇತುವೆ, ಅಂಡರ್‌ಪಾಸ್, ಊರೊಳಗಿನ ಕ್ರಾಸ್ ಬಂದಲ್ಲಿ ಈ ಸಾಲು ತುಂಡಾಗ್ತದೆ. ಅಲ್ಲೇ ಡೈವರ್ಷನ್, ಅಲ್ಲೇ ಧೂಳು, ಅಪಘಾತ ಆಗೋದೂ ಬಹುತೇಕ ಅಲ್ಲೇ.

ಇನ್ನೊಂದು ಕಾಲದ ಕಟ್ಟು. ಮಳೆಗಾಲದಲ್ಲಿ ಡಾಂಬರ್ ಹಾಕೋಕಾಗಲ್ಲ, ಮಣ್ಣು ಕುಟ್ಟೋದೂ ಕಷ್ಟ. ನಮ್ಮಲ್ಲಿ ಕರಿ ಮಣ್ಣು ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದನ್ನು ತೆಗೆದು ಬೇರೆ ಮಣ್ಣು ತುಂಬಬೇಕು, ಇಲ್ಲಾ ಸುಣ್ಣ ಬೆರೆಸಿ ಗಟ್ಟಿ ಮಾಡಬೇಕು. ಈ ಕೆಲಸಕ್ಕೆ ಒಳ್ಳೆ ದಿನ ಅಂದ್ರೆ ಮಳೆ ನಿಂತ ಮೇಲಿಂದ ಬೇಸಿಗೆವರೆಗೆ. ಅದೇ ಹೊತ್ತಿಗೆ ನಮ್ಮಲ್ಲಿ ಕಬ್ಬಿನ ಸೀಸನ್. ಎರಡೆರಡು ಟ್ರೇಲರ್ ಎಳಕೊಂಡು ಟ್ರ್ಯಾಕ್ಟರ್‌ಗಳು ಇದೇ ರಸ್ತೆಗೆ ಬರುತ್ತವೆ. ಡಿಸೆಂಬರ್‌ನಲ್ಲಿ ಮಾಣಿಕನಗರದ ಜಾತ್ರೆ, ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ರಸ್ತೆಗೆ ಕೆಲಸ ಮಾಡೋರು, ರಸ್ತೆ ಬೇಕಾದೋರು ಇಬ್ಬರೂ ಒಂದೇ ನಾಲ್ಕೈದು ತಿಂಗಳಿಗೆ ಕಾದಿರುತ್ತಾರೆ.

ಹಾಗಾದ್ರೆ ವೇಗ ಸಾಧ್ಯವೇ ಇಲ್ವಾ? ಸಾಧ್ಯ ಇದೆ. 2021ರ ಫೆಬ್ರುವರಿಯಲ್ಲಿ ನಮ್ಮ ನೆರೆಯ ವಿಜಯಪುರ–ಸೊಲ್ಲಾಪುರ ಹೆದ್ದಾರಿಯಲ್ಲಿ 25.54 ಕಿ.ಮೀ. ಉದ್ದದ ಒಂದು ಲೇನನ್ನು 18 ತಾಸಿನಲ್ಲಿ ಹಾಕಿದ್ರು. ತಾಸಿಗೆ ಸುಮಾರು 1.4 ಕಿ.ಮೀ. ಆಯ್ತು. ಸುಮಾರು 500 ಕಾರ್ಮಿಕರ ದುಡಿಮೆ ಅದು, ಲಿಮ್ಕಾ ದಾಖಲೆ ಪುಸ್ತಕಕ್ಕೆ ಹೋದ ಕೆಲಸ. ಆದ್ರೆ ಒಂದು ಮಾತು ಗಮನಿಸಿ. ಆ 18 ತಾಸು ಮೇಲಿನ ಪದರದ್ದು. ಕೆಳಗಿನ ಮಣ್ಣು, ಖಡಿ, ಎಲ್ಲ ಮೊದಲೇ ರೆಡಿ ಇದ್ದರೇನೇ ಅಂಥ ಓಟ ಓಡೋಕಾಗೋದು. ಒಟ್ಟು ಪ್ರಾಜೆಕ್ಟ್ 110 ಕಿ.ಮೀ. ಆಗಿತ್ತು. ಯಂತ್ರ, ಜನ, ಸಾಮಾನು ಒಟ್ಟಿಗೆ ಬಂದ್ರೆ ಡಾಂಬರ್ ಹಾಕೋದು ತಡ ಆಗೋದಿಲ್ಲ. ತಡ ಆಗೋದು ಜಮೀನು, ವಿದ್ಯುತ್ ಕಂಬ, ನೀರಿನ ಪೈಪ್, ಬಿಲ್ ಪಾವತಿ ಇವುಗಳಲ್ಲಿ.

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ. 1994ರ ಜನವರಿ 17ಕ್ಕೆ ಅಮೆರಿಕದ ಲಾಸ್ ಏಂಜಲೀಸ್ ಹತ್ತಿರ ನಾರ್ತ್‌ರಿಡ್ಜ್ ಭೂಕಂಪ ಆಯ್ತು. ಸಾಂತಾ ಮೋನಿಕಾ ಫ್ರೀವೇ ಮೇಲಿನ ಸೇತುವೆಗಳು ಬಿದ್ದವು. ರಸ್ತೆ ಬಂದ್ ಆದ್ರೆ ಊರಿಗೆ ದಿನಕ್ಕೆ 10 ಲಕ್ಷ ಡಾಲರ್ ಲುಕ್ಸಾನು ಅಂತ ಅಲ್ಲಿಯ ಅಂದಾಜು. ಅದನ್ನು ಮುಂದಿಟ್ಟುಕೊಂಡೇ ಗುತ್ತಿಗೆ ಬರೆದರು. ಗಡುವು 140 ದಿನ. ಒಂದು ದಿನ ತಡವಾದರೆ 2 ಲಕ್ಷ ಡಾಲರ್ ದಂಡ, ಒಂದು ದಿನ ಬೇಗ ಆದರೆ 2 ಲಕ್ಷ ಡಾಲರ್ ಬೋನಸ್. ಗುತ್ತಿಗೆದಾರ ಹಗಲು ರಾತ್ರಿ ಕೆಲಸ ಮಾಡಿಸಿ 66 ದಿನಕ್ಕೆ ಮುಗಿಸಿದ. ಬೋನಸ್ ಸುಮಾರು 1 ಕೋಟಿ 48 ಲಕ್ಷ ಡಾಲರ್. ಇಷ್ಟು ದುಡ್ಡು ಯಾಕೆ ಅಂತ ಕೇಳಿದವರೂ ಇದ್ದರು. ಆದ್ರೆ 74 ದಿನದ ಲುಕ್ಸಾನು ಉಳೀತು, ಅದು ಬೋನಸ್‌ಗಿಂತ ಎಷ್ಟೋ ಪಟ್ಟು ಜಾಸ್ತಿ.

ತಡವಾದರೆ ದಂಡ, ಬೇಗ ಆದರೆ ಬೋನಸ್ ಅನ್ನೋ ಕಲಮು ನಮ್ಮ ದೇಶದ ಮಾದರಿ ಇಪಿಸಿ ಒಪ್ಪಂದದಲ್ಲೂ ಇದೆ. ವ್ಯತ್ಯಾಸ ಎಲ್ಲಿದೆ ಅಂದ್ರೆ, ನಮ್ಮಲ್ಲಿ ಅದನ್ನು ಗುತ್ತಿಗೆ ಮೊತ್ತದ ಇಷ್ಟು ಪರ್ಸೆಂಟ್ ಅಂತ ಲೆಕ್ಕ ಹಾಕ್ತಾರೆ. ರಸ್ತೆಯಲ್ಲಿ ನಿಂತ ಜನರ ಲುಕ್ಸಾನಿಗೂ ಅದಕ್ಕೂ ಸಂಬಂಧ ಇಲ್ಲ. ತಮಾಷೆ ಅಂದ್ರೆ, ರಸ್ತೆ ಬೇಕು ಅಂತ ಡಿಪಿಆರ್ ಬರೆಯುವಾಗ ಮಾತ್ರ ನಮ್ಮ ಟೈಮಿಗೆ ರೂಪಾಯಿ ಲೆಕ್ಕ ಇರ್ತದೆ. ನಾಲ್ಕು ಲೇನ್ ಆದ್ರೆ ಪ್ರಯಾಣಿಕರ ಇಷ್ಟು ಸಮಯ ಉಳೀತದೆ, ಅದರ ಬೆಲೆ ಇಷ್ಟು, ಅದಕ್ಕೇ ಈ ಪ್ರಾಜೆಕ್ಟ್ ಲಾಭದಾಯಕ ಅಂತ. ಕೆಲಸ ಶುರುವಾದ ದಿನದಿಂದ ಅದೇ ಟೈಮ್ ಪುಕ್ಕಟೆ.

ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಡೈವರ್ಷನ್‌ನಲ್ಲಿ ದಿನಕ್ಕೆ 1,000 ವಾಹನ ತಲಾ 20 ನಿಮಿಷ ನಿಂತವು ಅನ್ನಿ. 333 ತಾಸು ಆಯ್ತು. ತಾಸಿಗೆ ಡೀಸೆಲ್, ಡ್ರೈವರ್, ಕಂತು ಎಲ್ಲ ಸೇರಿ 200 ರೂಪಾಯಿ ಹಿಡಿದರೂ ದಿನಕ್ಕೆ 66 ಸಾವಿರ, ವರ್ಷಕ್ಕೆ 2 ಕೋಟಿ 40 ಲಕ್ಷ ದಾಟ್ತದೆ. ಒಂದೇ ಡೈವರ್ಷನ್‌ಗೆ! ನಮ್ಮ ಕಡೆ ಲಾರಿ ಇಟ್ಟುಕೊಂಡ ಮನೆಗಳು ಕಮ್ಮಿ ಇಲ್ಲ. ನಮ್ಮ ಕಾಕಾನ ಹತ್ತಿರವೂ ಒಂದು ಇತ್ತು. ಅವರು ಹೇಳೋರು, “ನೋಡಪ್ಪ, ಗಾಡಿ ನಿಂತ್ರೂ ಕಂತು ನಿಲ್ಲಲ್ಲ.” ಬಿ.ಕಾಂ. ಮೂರು ವರ್ಷದಾಗ ಫಿಕ್ಸೆಡ್ ಕಾಸ್ಟ್ ಅಂದ್ರೇನು ಅಂತ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಇನ್ನು ಆಂಬುಲೆನ್ಸ್ ನಿಂತ 20 ನಿಮಿಷಕ್ಕೆ ಯಾವ ರೇಟೂ ಹಾಕೋಕಾಗಲ್ಲ.

ಲಂಡನ್ನಿನಲ್ಲಿ 2012ರಿಂದ ಲೇನ್ ರೆಂಟಲ್ ಅಂತ ಒಂದು ಪದ್ಧತಿ ಇದೆ. ಅತಿ ದಟ್ಟಣೆಯ ರಸ್ತೆಯನ್ನು ಜನ ಓಡಾಡೋ ಹೊತ್ತಿನಲ್ಲಿ ಅಗೆದರೆ ದಿನಕ್ಕೆ 2,500 ಪೌಂಡ್‌ವರೆಗೆ ಬಾಡಿಗೆ ಕಟ್ಟಬೇಕು. ರಾತ್ರಿ ಮಾಡಿದ್ರೆ ಬಾಡಿಗೆ ಉಳೀತದೆ. ರಸ್ತೆ ತಡೆದು ಇಟ್ಟ ಜಾಗಕ್ಕೆ ಬೆಲೆ ಅಂತ ಆದ ಕೂಡಲೇ ಕೆಲಸದ ಹೊತ್ತು ತಾನೇ ಬದಲಾಗ್ತದೆ.

ಇದೆಲ್ಲ ಈಗ ಯಾಕೆ ಅಂದ್ರೆ, ಹೆದ್ದಾರಿ ಒಮ್ಮೆ ಕಟ್ಟಿ ಬಿಡೋ ವಸ್ತು ಅಲ್ಲ. ಕೆಲವು ವರ್ಷಕ್ಕೊಮ್ಮೆ ಮೇಲಿನ ಪದರ ಹೊಸದು ಬೇಕೇ ಬೇಕು. ಒಂದು ಬದಿ ಬಂದ್, ಇನ್ನೊಂದು ಬದಿಯಲ್ಲಿ ಎದುರುಬದುರು ಓಡಾಟ. ಅತ್ತ ಸಂಗಾರೆಡ್ಡಿ–ಮದೀನಗುಡಾ ನಡುವೆ ಇದೇ 65 ಆರು ಲೇನ್ ಆಗೋ ಕೆಲಸ ಹಿಡಿದಿದ್ದಾರೆ. ನಮ್ಮಿಂದ ಹೈದರಾಬಾದಿಗೆ ಹೋಗೋ ಪ್ರತಿ ಬಸ್ಸೂ ಅದನ್ನು ದಾಟಬೇಕು.

ಹಾಗಾಗಿ ಮೂರು ವಿಷಯ ಕೇಳೋಣ. ಒಂದು, ಪ್ರತಿ ಡೈವರ್ಷನ್‌ಗೂ ಬೋರ್ಡ್ ಮೇಲೆ ಶುರುವಾದ ತಾರೀಖು, ಮುಗಿಯುವ ತಾರೀಖು ಇರಲಿ. ಎರಡು, ಕೆಲಸದ ವೇಳಾಪಟ್ಟಿಯಲ್ಲಿ ಕಬ್ಬಿನ ಸೀಸನ್ನು, ಜಾತ್ರೆ ಎರಡೂ ಕಾಣಲಿ. ಕೆಲಸದ ಜಾಗದಲ್ಲಿ ಎಚ್ಚರಿಕೆ ಫಲಕ, ರಾತ್ರಿ ದೀಪ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 55 ಅನ್ನೋ ಕೈಪಿಡಿಯೇ ಇದೆ, ಅದನ್ನು ಪಾಲಿಸಲಿ. ಮೂರು, ದಂಡ–ಬೋನಸ್ ಲೆಕ್ಕದಲ್ಲಿ ಜನರ ತಾಸೂ ಸೇರಲಿ. ಗ್ರಾಮಸಭೆಯಲ್ಲಿ, ಶಾಸಕರ ಮುಂದೆ, ಸಂಸದರ ಮುಂದೆ ಕೇಳಬಹುದಾದ ಮಾತೇ ಇವು.

ಮುಂದಿನ ಸಲ ಡೈವರ್ಷನ್‌ನಲ್ಲಿ ನಿಂತಾಗ ಹಾರ್ನ್ ಹೊಡೆಯೋ ಮೊದಲು ಗಡಿಯಾರ ನೋಡ್ಕೊಳ್ರಿ. ಎಷ್ಟು ನಿಮಿಷ ಅಂತ ಬರೆದಿಡ್ರಿ, ನಮಗೂ ಕಳಿಸ್ರಿ. ನಿಮ್ಮ ಹತ್ತಿರ ಲೆಕ್ಕ ಇದ್ರೆ ಮಾತಿಗೆ ತೂಕ ಬರ್ತದೆ. ಮುಂದಿನ ವಾರ ಸಿಗೋಣ, ಶರಣಾರ್ಥಿ.