ಚಿಪ್ಪಗಿರಿಯ ದಾಸರು ಯಾವ ಲಿಪಿಯವರು?



ಈ ಉಪನ್ಯಾಸ ಮಾಲೆಯಲ್ಲಿ ನಮ್ಮ ಆದೋನಿ ಸೀಮೆಯ ಒಂದು ಹಳ್ಳಿಯ ಬಗ್ಗೆ ಮಾತಾಡಿ ಎಂದು ಸಂಘದವರು ಕೇಳಿದಾಗ ನಾನು ಚಿಪ್ಪಗಿರಿ ಎಂದೆ. ಚರಿತ್ರೆಯನ್ನು ಬೇಗ ಮುಗಿಸಿಬಿಡುತ್ತೇನೆ. ಆಲೂರಿನಿಂದ ಗುಂತಕಲ್ಲಿನ ಕಡೆ ಹೊರಟರೆ ಸಿಗುವ ಊರು. ಗುಡ್ಡದ ಮೇಲೆ ಹಳೆಯ ಜೈನ ಬಸದಿ, ಊರಲ್ಲಿ ಭೋಗೇಶ್ವರನ ಗುಡಿ, ಆಮೇಲೆ ದಾಸಕವಿ ವಿಜಯದಾಸರು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಮುಂದೆ ಅದು ಬಳ್ಳಾರಿ ಜಿಲ್ಲೆಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು, ಆದೋನಿ ಆಲೂರುಗಳು ಆಂಧ್ರಕ್ಕೆ ಬಂದವು. ಮಿಕ್ಕಿದ್ದು ನಿಮ್ಮ ಮನೆಯ ಹಿರಿಯರೇ ಹೇಳಿರುತ್ತಾರೆ.

ನನಗೆ ಮುಖ್ಯವಾದ ಜಗಳ ಬೇರೆ ಇದೆ. ಕಾರ್ತಿಕ ಶುದ್ಧ ದಶಮಿ ವಿಜಯದಾಸರ ಆರಾಧನೆ. 1755ರಲ್ಲಿ ಅವರು ದೇಹ ಬಿಟ್ಟಿದ್ದು ಚಿಪ್ಪಗಿರಿಯಲ್ಲೇ. ಆ ದಿನ ಭಜನೆಗೆ ಕೂತವರ ಕೈಯಲ್ಲಿರುವ ಪುಸ್ತಕಗಳಲ್ಲಿ ಎಷ್ಟೋ ತೆಲುಗು ಲಿಪಿಯವು. ಒಮ್ಮೆ ನನ್ನ ಜೊತೆ ಬಂದಿದ್ದ ವಿದ್ವಾಂಸರೊಬ್ಬರು ಅದನ್ನು ನೋಡಿ, ‘ಇಲ್ಲಿ ಕನ್ನಡದ ಕಥೆ ಮುಗಿಯಿತು’ ಎಂದರು. ನಾನು ಅಲ್ಲೇ ವಾದಕ್ಕೆ ನಿಂತೆ. ಇವತ್ತೂ ಅದೇ ವಾದವನ್ನು ನಿಮ್ಮ ಮುಂದಿಡುತ್ತೇನೆ.

ಅವತ್ತು ನನ್ನ ಪಕ್ಕ ಕೂತಿದ್ದ ಹಿರಿಯಮ್ಮನ ಕೈಯಲ್ಲಿ ಬರೆದಿಟ್ಟುಕೊಂಡ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ವಿಜಯದಾಸರದೊಂದು ಸುಳಾದಿ. ಧ್ರುವ, ಮಟ್ಟ, ತ್ರಿಪುಟ, ಅಟ್ಟ, ಆದಿ ಎಂದು ಒಂದೊಂದು ನುಡಿಯ ತಲೆಯ ಮೇಲೂ ತಾಳದ ಹೆಸರು ಕೆಂಪು ಶಾಯಿಯಲ್ಲಿ, ಕೊನೆಗೆ ಎರಡು ಸಾಲಿನ ಜತೆ. ಅಕ್ಷರವೆಲ್ಲ ತೆಲುಗು, ನುಡಿಯೆಲ್ಲ ಕನ್ನಡ. ಎರಡನೆಯ ಅಕ್ಷರದ ಪ್ರಾಸ ಒಂದು ಸಾಲಿನಲ್ಲೂ ತಪ್ಪಿರಲಿಲ್ಲ. ‘ವಿಜಯವಿಠಲ’ ಎಂಬ ದಾಸರ ಅಂಕಿತಕ್ಕೆ ಬಂದಾಗ ಆಕೆ ಪುಸ್ತಕ ನೋಡದೆ ಕೈ ಮುಗಿದರು. ಈ ಸುಳಾದಿಯನ್ನು ಕನ್ನಡದ ಲೆಕ್ಕದಿಂದ ಹೊರಗಿಡಲು ನನ್ನಿಂದಾಗದು.

ನನಗೆ ಕನ್ನಡ ಕಲಿಸಿದ ಮೇಷ್ಟ್ರು ಲಿಪಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮಾತಾಡುವಾಗ ನಾವು ತೆಲುಗು ಬೆರೆಸಿದರೆ ಸುಮ್ಮನಿರುತ್ತಿದ್ದರು. ಬರೆಯುವಾಗ ತಲೆಕಟ್ಟು ತೆಲುಗಿನಂತೆ ಬಂದರೆ ಸ್ಲೇಟು ಒರೆಸಿ ಮತ್ತೆ ಬರೆಸುತ್ತಿದ್ದರು. ‘ನುಡಿ ಬಾಯಿಂದ ಬಾಯಿಗೆ ಬರುತ್ತೆ, ಅಕ್ಷರವನ್ನು ಮಾತ್ರ ಯಾರಾದರೂ ಕೂತು ಕಲಿಸಲೇಬೇಕು’ ಎನ್ನುತ್ತಿದ್ದರು. ಸಂಜೆ ಅದೇ ಮೇಷ್ಟ್ರು ಹತ್ತಿ ಮಂಡಿಯ ಗುಮಾಸ್ತರ ಜೊತೆ ಕೂತು ಜಗನ್ನಾಥದಾಸರ ಹರಿಕಥಾಮೃತಸಾರ ಓದಿಸುತ್ತಿದ್ದರು. ಗುಮಾಸ್ತರಲ್ಲಿ ಅರ್ಧ ಜನಕ್ಕೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅವರಿಗಾಗಿ ಸಂಧಿಗಳನ್ನು ತೆಲುಗು ಲಿಪಿಯಲ್ಲಿ ಇಳಿಸಿಕೊಟ್ಟವರೂ ಮೇಷ್ಟ್ರೇ. ಅವರು ಬದುಕಿದ್ದಾಗ ಈ ಎರಡು ನಡೆಗಳ ಬಗ್ಗೆ ಕೇಳುವ ಧೈರ್ಯ ನನಗಿರಲಿಲ್ಲ.

ಲಿಪಿಯ ಮಾತು ಹಾಗಿರಲಿ, ದಾಸರ ಊರುಗಳನ್ನೇ ನೋಡಿ. ವಿಜಯದಾಸರು ಹುಟ್ಟಿದ್ದು ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ. ಅದು ಇವತ್ತು ಕರ್ನಾಟಕ. ಅವರ ಶಿಷ್ಯ ಗೋಪಾಲದಾಸರು ಮೊಸರಕಲ್ಲಿನವರು, ನೆಲೆ ನಿಂತದ್ದು ಗದ್ವಾಲದ ಕಡೆಯ ಉತ್ತನೂರಿನಲ್ಲಿ, ಅದು ತೆಲಂಗಾಣ. ಆ ಗೋಪಾಲದಾಸರೇ ತಮ್ಮ ಆಯುಷ್ಯದಲ್ಲಿ 40 ವರ್ಷ ದಾನ ಮಾಡಿ ಮಾನ್ವಿಯ ಜಗನ್ನಾಥದಾಸರನ್ನು ಉಳಿಸಿದರೆಂಬ ಕಥೆ ನಿಮಗೆಲ್ಲ ಬಾಯಿಪಾಠ. ವಿಜಯದಾಸರ ಕೊನೆ ಚಿಪ್ಪಗಿರಿಯಲ್ಲಿ, ಇದು ಆಂಧ್ರ. ಪುರಂದರ, ಕನಕರ ಕಾಲದ ನಂತರ ದಾಸಸಾಹಿತ್ಯ ಮತ್ತೆ ಚಿಗುರಿದ್ದು ಕೃಷ್ಣೆ ತುಂಗಭದ್ರೆಯರ ಸುತ್ತಲಿನ ಈ ಒಂದೇ ಎರೆನೆಲದಲ್ಲಿ. ರಾಜ್ಯದ ಗಡಿ ಹಿಡಿದು ಓದುವವರಿಗೆ ಚೀಕಲಪರವಿ ಕವಿಯ ಜನ್ಮಸ್ಥಳ, ಚಿಪ್ಪಗಿರಿ ಬರೀ ಅವರ ಕೊನೆಯ ಬಗ್ಗೆ ಒಂದು ಸಾಲು. ಆದರೆ ವಿಜಯದಾಸರ ಹೆಸರು ಹೇಳಿದರೆ ಭಕ್ತರು ಬಂಡಿ ಕಟ್ಟಿಕೊಂಡು ಬರುತ್ತಿದ್ದದ್ದು ಈ ಊರಿಗೆ. ಅವರ ಹಾಡನ್ನು ವರ್ಷ ವರ್ಷವೂ ತಪ್ಪದೆ ಹಾಡಿದ್ದು ಈ ಊರು. ಹಾಡಿದವರು ಮನೆಯಲ್ಲಿ ಯಾವ ಭಾಷೆ ಆಡುತ್ತಾರೆಂದು ದಾಸರು ಕೇಳಲಿಲ್ಲ. ಮನೆಮನೆಗೆ ಗೋಪಾಳಕ್ಕೆ ಹೋಗುವವರು ಬಾಗಿಲು ತೆರೆದವರ ಎದುರು ಹಾಡಿದರು, ಅಷ್ಟೆ.

ಆದ್ದರಿಂದ ತೆಲುಗು ಲಿಪಿಯ ಆ ಪುಸ್ತಕಗಳನ್ನು ನಾನು ಕನ್ನಡ ಪುಸ್ತಕಗಳೆಂದೇ ಎಣಿಸುತ್ತೇನೆ. ಕನ್ನಡ ಸಾಹಿತ್ಯ ಚರಿತ್ರೆ ಬರೆಯುವವರು ಅವುಗಳ ಪಟ್ಟಿ ಮಾಡಬೇಕು, ನಮ್ಮ ಗ್ರಂಥಾಲಯಗಳು ಅವುಗಳನ್ನು ಕೊಳ್ಳಬೇಕು, ಆ ಹಿರಿಯಮ್ಮನಂಥವರ ನೋಟ್‌ಬುಕ್ಕುಗಳನ್ನು ಯಾರಾದರೂ ಈಗಲೇ ನಕಲು ಮಾಡಿಡಬೇಕು. ಸುಳಾದಿಗಳಲ್ಲಿ ಬಹುಪಾಲಿಗೆ ಹಳೆಯ ಧಾಟಿ ಉಳಿದಿಲ್ಲ. ಮುದುಕರ ಬಾಯಲ್ಲಿ ಉಳಿದಿರುವ ಅಷ್ಟಿಷ್ಟು ಅವರ ಜೊತೆಗೇ ಹೋಗುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ಮಾತು ನನ್ನನ್ನು ಕಾಡುತ್ತದೆ. ಆ ಹಿರಿಯಮ್ಮ ಹಾಡಿದ ನುಡಿಗೆ ಅರ್ಥ ಕೇಳಿದೆ. ತೆಲುಗಿನಲ್ಲಿ ಸೊಗಸಾಗಿ ಬಿಡಿಸಿ ಹೇಳಿದರು. ಮೊಮ್ಮಗಳೂ ಅದೇ ನುಡಿಯನ್ನು ಅದೇ ರಾಗದಲ್ಲಿ ಹಾಡಿದಳು; ಅರ್ಥ ಕೇಳಿದರೆ ಅಜ್ಜಿಯ ಮುಖ ನೋಡಿದಳು. ಆ ಹುಡುಗಿಗೆ ನಾವು ಏನು ಕೊಡಬೇಕು? ತೆಲುಗು ಅರ್ಥ ಸೇರಿಸಿದ ಇನ್ನೊಂದು ತೆಲುಗು ಲಿಪಿಯ ಪುಸ್ತಕವನ್ನೋ, ಕನ್ನಡ ಅಕ್ಷರಮಾಲೆಯನ್ನೋ? ಮೊದಲನೆಯದನ್ನು ಕೊಟ್ಟರೆ ಹಾಡು ನಾಳೆಯೇ ಅವಳದಾಗುತ್ತದೆ, ಆದರೆ ಕನ್ನಡದ ಉಳಿದ ಪುಸ್ತಕಗಳೆಲ್ಲ ಅವಳಿಗೆ ಮುಚ್ಚಿಯೇ ಇರುತ್ತವೆ. ಎರಡನೆಯದನ್ನೇ ಹಿಡಿದು ಕೂತರೆ, ಕಲಿಸುವ ಮೇಷ್ಟ್ರು ಚಿಪ್ಪಗಿರಿಗೆ ಎಲ್ಲಿಂದ ಬರಬೇಕು? ನಮ್ಮ ಮೇಷ್ಟ್ರು ಎರಡನ್ನೂ ಮಾಡಿದರು. ನಮ್ಮ ಸಂಘಕ್ಕೆ ಒಂದಕ್ಕಷ್ಟೇ ಶಕ್ತಿಯಿದೆ ಎಂದಾದರೆ, ನೀವು ಯಾವುದಕ್ಕೆ ಕೈ ಎತ್ತುತ್ತೀರಿ?